ಆರ್ನಿಮ್ ಒಯ್ದರೆ ಕಳ್ಳತನ, ಬಿಸ್ಮಾರ್ಕ್ ಒಯ್ದರೆ ಆತ್ಮಕಥೆ

ನಿನ್ನೆ ರಾತ್ರಿ ನಮ್ಮ ಭಾವ ಮನೆಯವರ ಗ್ರೂಪಿಗೆ ಒಂದು ವಿಡಿಯೊ ಹಾಕಿದರು. ಹತ್ತೊಂಬತ್ತನೇ ಶತಮಾನದ ಜರ್ಮನಿಯ ಚಾನ್ಸೆಲರ್, ಅಂದರೆ ಪ್ರಧಾನಿ, ಬಿಸ್ಮಾರ್ಕ್‌ನಿಂದ ಮ್ಯಾನೇಜರುಗಳು ಕಲಿಯಬೇಕಾದ ಪಾಠಗಳಂತೆ. ಹಿಂದೆ ಡಬಡಬ ಸಂಗೀತ. ಕೋಟು ಹಾಕಿದ ಹುಡುಗ ಕೈ ಬೀಸಿ ಬೀಸಿ ಹೇಳುತ್ತಿದ್ದ: ಉಕ್ಕಿನ ಮನುಷ್ಯ ಅಶಿಸ್ತನ್ನು ಒಂದು ಕ್ಷಣವೂ ಸಹಿಸುತ್ತಿರಲಿಲ್ಲ, ಪ್ಯಾರಿಸ್‌ನಲ್ಲಿದ್ದ ಅವನ ರಾಯಭಾರಿಯೊಬ್ಬ ಸರ್ಕಾರಿ ಕಾಗದ ಕದ್ದು ಸಿಕ್ಕಿಬಿದ್ದ, ನೇರ ಜೈಲು. ಅರ್ಧ ನಿಮಿಷದಲ್ಲಿ ಹ್ಯಾರಿ ಫಾನ್ ಆರ್ನಿಮ್ ಕತೆ ಫಿನಿಶ್. ಕೆಳಗೆ ಎಲ್ಲರದೂ ಚಪ್ಪಾಳೆ.

ನನಗೆ ಪಿತ್ತ ನೆತ್ತಿಗೇರಿತು. ಗ್ರೂಪಿನಲ್ಲಿ ಬರೆದರೆ ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನೌಕರಿ ಮಾಡಿದಷ್ಟು ಕಾಲವೂ ಆವಕ, ಜಾವಕ, ಟಪಾಲು, ಕಡತ ಅಂತಲೇ ಬದುಕಿದವಳು, ನಿಮಗೆಲ್ಲ ಗೊತ್ತು. ಕಡತ ಯಾಕೆ ಕಾಣೆಯಾಗುತ್ತದೆ, ಯಾರು ಮುಟ್ಟಿದರೆ ಅದು 'ಕಾಣೆ', ಯಾರು ಮುಟ್ಟಿದರೆ ಅದು 'ಸಾಹೇಬರ ಪರಿಶೀಲನೆಯಲ್ಲಿದೆ', ಇದೆಲ್ಲ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಿಟೈರ್ ಆದಮೇಲೆ ಜರ್ಮನಿಯ ಇತಿಹಾಸ ಓದುವ ಚಟ ಹತ್ತಿತು. ಅದರಲ್ಲೂ ಈ ಆರ್ನಿಮ್ ಪ್ರಕರಣ ಓದುವಾಗ ನನಗೆ ಬರ್ಲಿನ್ ಕಾಣಲೇ ಇಲ್ಲ. ನಮ್ಮ ಆಫೀಸೇ ಕಂಡಿತು.

ಈ ಆರ್ನಿಮ್ ಬಡಪಾಯಿ ಏನಲ್ಲ. 1824ರಲ್ಲಿ ಪೊಮರೇನಿಯಾದ ಜಮೀನ್ದಾರಿ ಕುಲದಲ್ಲಿ ಹುಟ್ಟಿದವನು. ಅವನನ್ನು ಸಾಕಿ ಬೆಳೆಸಿದ ಬಂಧು 1849ರಲ್ಲಿ ಪ್ರಷ್ಯಾದ (ಜರ್ಮನಿ ಒಂದಾಗುವ ಮೊದಲು ಅಲ್ಲಿದ್ದ ದೊಡ್ಡ ರಾಜ್ಯ) ವಿದೇಶಾಂಗ ಮಂತ್ರಿಯಾಗಿದ್ದ. ಬಿಸ್ಮಾರ್ಕ್‌ನ ತಂಗಿ ಮಾಲ್ವೀನೆಯನ್ನು ಕೊಟ್ಟಿದ್ದೂ ಆರ್ನಿಮ್ ಕುಲಕ್ಕೇ. ಇಬ್ಬರಿಗೂ ಹಳೇ ಪರಿಚಯ. ಆರ್ನಿಮ್‌ಗೆ ಬುದ್ಧಿ ಚುರುಕು, ಮಾತು ಚುರುಕು, ಜಂಬ ವಿಪರೀತ. ವೃತ್ತಿಯಲ್ಲಿ ತನಗಿಂತ ಮುಂದಿರುವವರೆಲ್ಲ ತನ್ನ ಶತ್ರುಗಳೇ, ಆದರೆ ಅವರು ಮೇಲಧಿಕಾರಿಯಾಗಿ ಇರುವ ತನಕ ಅದು ಅವರಿಗೆ ಗೊತ್ತಾಗಬಾರದು ಅಂತ ವೈನ್ ಕುಡಿಯುತ್ತಾ ಹೇಳಿದ್ದನಂತೆ. ಇದನ್ನು ಬರೆದಿಟ್ಟವನು ಬಿಸ್ಮಾರ್ಕ್, ಆದ್ದರಿಂದ ಉಪ್ಪು-ಖಾರ ಎಷ್ಟು ಬಿದ್ದಿದೆಯೋ. ಆದರೂ ನಂಬಬಹುದು ಅನಿಸುತ್ತದೆ. ಅಂಥ ಮನುಷ್ಯ ಪ್ರತಿ ಆಫೀಸಿನಲ್ಲೂ ಒಬ್ಬ ಇರುತ್ತಾನೆ, ಅಲ್ವಾ?

1864ರಿಂದ ಅವನು ರೋಮ್‌ನಲ್ಲಿ, ಪೋಪ್ ದರ್ಬಾರಿನಲ್ಲಿ ಪ್ರಷ್ಯಾದ ಪ್ರತಿನಿಧಿ. 1869ರಲ್ಲಿ ಒಂಬತ್ತನೇ ಪಯಸ್ ದೊಡ್ಡ ಧರ್ಮಸಭೆ ಕರೆದ. ಪೋಪ್ ಮಾತಿಗೆ ತಪ್ಪೆಂಬುದೇ ಇಲ್ಲ ಅನ್ನುವ ಸಿದ್ಧಾಂತ ಅಲ್ಲಿ ಪಾಸಾಗುವ ಸೂಚನೆ ಇತ್ತು. ಸರ್ಕಾರಗಳು ಸುಮ್ನೆ ನೋಡುತ್ತಾ ಕೂರಬಾರದು, ಸಭೆಗೆ ತಮ್ಮ ಪ್ರತಿನಿಧಿಗಳನ್ನು ಕಳಿಸಬೇಕು ಅಂತ ಆರ್ನಿಮ್ ಬರೆದ. ಬಿಸ್ಮಾರ್ಕ್ ಬೇಡ ಅಂದ. 1870ರ ಜುಲೈನಲ್ಲಿ ಸಿದ್ಧಾಂತ ಪಾಸಾಯಿತು. ಒಂದೆರಡು ವರ್ಷ ಕಳೆಯುವುದರಲ್ಲಿ ಅದೇ ಬಿಸ್ಮಾರ್ಕ್ ಕ್ಯಾಥೊಲಿಕ್ ಚರ್ಚಿನ ಮೇಲೆ ಯುದ್ಧ ಸಾರಿ, ಪಾದ್ರಿಗಳಿಗೂ ಬಿಷಪ್‌ಗಳಿಗೂ ಜೈಲು ತೋರಿಸಿದ. ಮೊದಲೇ ಟಿಪ್ಪಣಿ ಬರೆದಿಟ್ಟವನಿಗೆ ಆಗ ಹೊಟ್ಟೆಯೊಳಗೆ ಏನಾಗಿರುತ್ತದೆ ಅಂತ ನಾನು ಬಲ್ಲೆ.

ಆದರೂ ಆರ್ನಿಮ್ ನಕ್ಷತ್ರ ಮೇಲೇರುತ್ತಲೇ ಇತ್ತು. 1870ರಲ್ಲಿ ಕೌಂಟ್ ಪದವಿ, ಫ್ರಾನ್ಸ್ ಯುದ್ಧದಲ್ಲಿ ಜರ್ಮನಿಗೆ ಸೋತ ಮೇಲೆ 1871ರಲ್ಲಿ ಫ್ರಾಂಕ್‌ಫರ್ಟ್‌ನ ಶಾಂತಿ ಒಪ್ಪಂದದ ಕೆಲಸ, ಆಮೇಲೆ ಪ್ಯಾರಿಸ್. ಸೋತ ದೇಶದ ರಾಜಧಾನಿಯಲ್ಲಿ ಗೆದ್ದ ದೇಶದ ರಾಯಭಾರಿ. 500 ಕೋಟಿ ಫ್ರಾಂಕ್ ದಂಡ ವಸೂಲಾಗಬೇಕು, ಅಲ್ಲಿಯ ತನಕ ಜರ್ಮನ್ ಸೈನ್ಯ ಫ್ರಾನ್ಸ್ ನೆಲದಲ್ಲೇ ಬಿಡಾರ.

ಜಗಳ ಶುರುವಾಗಿದ್ದು ಇಲ್ಲಿ. ಫ್ರಾನ್ಸ್‌ನಲ್ಲಿ ತಿಯೇರ್ ನಡೆಸುತ್ತಿದ್ದ ಗಣರಾಜ್ಯವೇ ಇರಲಿ ಅನ್ನುವುದು ಬಿಸ್ಮಾರ್ಕ್ ಲೆಕ್ಕ. ರಾಜನಿಲ್ಲದ ದೇಶದ ಜೊತೆ ಯುರೋಪಿನ ಯಾವ ರಾಜನೂ ಕೈಜೋಡಿಸುವುದಿಲ್ಲ, ಫ್ರಾನ್ಸ್ ಒಂಟಿಯಾಗಿ, ದುರ್ಬಲವಾಗಿ ಬಿದ್ದಿರುತ್ತದೆ. ಆರ್ನಿಮ್‌ಗೆ ಇದು ಸರಿಕಾಣಲಿಲ್ಲ. ಗಣರಾಜ್ಯ ಅನ್ನುವುದು ಅಂಟುರೋಗ, ನಾಳೆ ನಮ್ಮ ಮನೆಗೂ ಬರುತ್ತದೆ, ಅಲ್ಲಿ ರಾಜನೇ ಮರಳಿ ಬರಲಿ ಅಂದ. ಅಂದಿದ್ದಷ್ಟೇ ಅಲ್ಲ, ಚಕ್ರವರ್ತಿ ವಿಲ್‌ಹೆಲ್ಮ್ ಕಿವಿಗೂ ಹಾಕಿದ. ಮಹಾರಾಣಿ ಆಗುಸ್ತಾಗೆ ಬಿಸ್ಮಾರ್ಕ್ ಕಂಡರೆ ಆಗುತ್ತಿರಲಿಲ್ಲ. ಮುಂದಿನ ಚಾನ್ಸೆಲರ್ ಆರ್ನಿಮ್ ಅಂತ ಗುಸುಗುಸು ಎದ್ದಿತು.

ಅಷ್ಟು ಸಾಕಲ್ಲ!

1873ರ ಮಾರ್ಚ್‌ನಲ್ಲಿ ಫ್ರಾನ್ಸ್ ದಂಡದ ಕೊನೆಯ ಕಂತುಗಳನ್ನು ಬೇಗ ಕಟ್ಟುವ ಒಪ್ಪಂದವಾಯಿತು. ಆ ಮಾತುಕತೆಯನ್ನು ಬಿಸ್ಮಾರ್ಕ್ ಆರ್ನಿಮ್ ಕೈಯಿಂದ ಕಿತ್ತುಕೊಂಡು, ಬರ್ಲಿನ್‌ನಲ್ಲಿದ್ದ ಫ್ರೆಂಚ್ ರಾಯಭಾರಿ ಗೊಂತೊ ಬಿರೋಂ ಜೊತೆ ತಾನೇ ಮುಗಿಸಿದ. ಮೇ ತಿಂಗಳಲ್ಲಿ ತಿಯೇರ್ ಅಧಿಕಾರ ಕಳಕೊಂಡ. ಬಿಸ್ಮಾರ್ಕ್ ಅದನ್ನೂ ಆರ್ನಿಮ್ ತಲೆಗೇ ಕಟ್ಟಿದ. 1874ರಲ್ಲಿ ವರ್ಗಾವಣೆ. ಎಲ್ಲಿಗೆ? ಕಾನ್‌ಸ್ಟಾಂಟಿನೋಪಲ್‌ಗೆ, ಈಗಿನ ಇಸ್ತಾಂಬುಲ್‌ಗೆ. ಆರ್ನಿಮ್ ಅಲ್ಲಿ ಡ್ಯೂಟಿಗೆ ರಿಪೋರ್ಟ್ ಮಾಡಿಕೊಳ್ಳಲೇ ಇಲ್ಲ. ಅಷ್ಟರಲ್ಲಿ ವಿಯೆನ್ನಾದ ಪತ್ರಿಕೆಯೊಂದರಲ್ಲಿ ಅವನ 1869–70ರ ರೋಮ್ ಪತ್ರಗಳು ಅಚ್ಚಾದವು. ನೋಡಿ, ನಾನು ಅಂದೇ ಹೇಳಿದ್ದೆ ಅನ್ನುವ ಧಾಟಿ. ಮನೆಗೆ ಕಳಿಸಿದರು.

ಪ್ಯಾರಿಸ್‌ನಲ್ಲಿ ಅವನ ಜಾಗಕ್ಕೆ ಬಂದವನು ಪ್ರಿನ್ಸ್ ಹೊಹೆನ್‌ಲೋಹೆ. ಈ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಅವನ ಕಾಲದಲ್ಲಿ ದಫ್ತರ ನೋಡಿದರೆ ಕೆಲವು ಕಾಗದ ಇಲ್ಲ. ಆರ್ನಿಮ್‌ನನ್ನು ಕೇಳಿದರು. ಕೆಲವನ್ನು ಕೊಟ್ಟ. ಉಳಿದವು ನನಗೂ ಬಿಸ್ಮಾರ್ಕ್‌ಗೂ ನಡೆದ ವೈಯಕ್ತಿಕ ಜಗಳದ ಪತ್ರ, ನನ್ನ ಮಾನ ಉಳಿಸಿಕೊಳ್ಳಲು ಬೇಕು, ಕೊಡುವುದಿಲ್ಲ ಅಂದ.

ಈಗ ನಾನು ಒಂದು ವಿಷಯ ಹೇಳಿಬಿಡುತ್ತೇನೆ. ನನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಒಂದು ಪ್ಲಾಸ್ಟಿಕ್ ಕವರಿದೆ. ಅದರಲ್ಲಿ ನಾನು ಬರೆದ ಒಂದು ಟಿಪ್ಪಣಿಯ ಜೆರಾಕ್ಸ್ ಇದೆ. ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ಒಬ್ಬ ಸಾಹೇಬರ ಷರಾ, ರುಜು, ತಾರೀಕು. ಆ ಷರಾ ತಾನು ಬರೆದೇ ಇಲ್ಲ ಅಂತ ಅವರು ಆಮೇಲೆ ವಿಚಾರಣೆಯಲ್ಲಿ ಹೇಳಿದರು. ಆ ಒಂದು ಹಾಳೆ ಇಲ್ಲದಿದ್ದರೆ ನನ್ನ ಪೆನ್ಷನ್ ಇರುತ್ತಿರಲಿಲ್ಲ. ನಿಯಮದ ಪ್ರಕಾರ ಅದನ್ನು ಮನೆಗೆ ತರುವಂತಿಲ್ಲ. ತಂದೆ. ಪಶ್ಚಾತ್ತಾಪ ಸ್ವಲ್ಪವೂ ಇಲ್ಲ. ಇವತ್ತೂ ಅಲ್ಲೇ ಇದೆ.

ಹಾಗಾಗಿ ಆರ್ನಿಮ್ ಕಳ್ಳ ಅಂತ ಯಾರಾದರೂ ಹೇಳಿದರೆ ನನಗೆ ಉರಿಯುತ್ತದೆ.

1874ರ ಅಕ್ಟೋಬರ್ 4ರಂದು ಷ್ಟೆಟಿನ್ ಹತ್ತಿರದ ನಾಸೆನ್‌ಹೈಡೆಯ ಅವನ ಮನೆಗೇ ಬಂದು ಬಂಧಿಸಿದರು. ನಿನ್ನೆ ಮೊನ್ನೆಯ ತನಕ ಸಾಮ್ರಾಜ್ಯದ ಅತಿ ದೊಡ್ಡ ರಾಯಭಾರಿಯಾಗಿದ್ದವನನ್ನು. ಅಂದ ಹಾಗೆ ಅದೇ ನಾಸೆನ್‌ಹೈಡೆಯಲ್ಲಿ ಮುಂದೆ ಅವನ ಸೊಸೆ ಎಲಿಜಬೆತ್ ತೋಟ ಮಾಡಿದಳು, ಆ ತೋಟದ ಬಗ್ಗೆ ಬರೆದೇ ಇಂಗ್ಲಿಷಿನಲ್ಲಿ ಹೆಸರಾದ ಲೇಖಕಿಯಾದಳು. ಅವಳ ಮಕ್ಕಳಿಗೆ 1905ರಲ್ಲಿ ಪಾಠ ಹೇಳಲು ಬಂದವನು ಇ.ಎಂ. ಫಾರ್ಸ್ಟರ್, ಆಮೇಲೆ ನಮ್ಮ ದೇಶಕ್ಕೂ ಬಂದುಹೋದ ಅದೇ ಫಾರ್ಸ್ಟರ್. ವಿಷಯಕ್ಕೆ ಸಂಬಂಧವಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಡಿಸೆಂಬರ್‌ನಲ್ಲಿ ಬರ್ಲಿನ್ ಕೋರ್ಟಿನಲ್ಲಿ ವಿಚಾರಣೆ. ಅಲ್ಲಿ ನಡೆದ ತಮಾಷೆ ಕೇಳಿ. ಗುಟ್ಟಿನ ಕಾಗದ ಬಚ್ಚಿಟ್ಟ ಅನ್ನುವುದು ಆರೋಪ ತಾನೇ? ಅದನ್ನು ಸಾಬೀತು ಮಾಡಲು ಬಿಸ್ಮಾರ್ಕ್ ಆರ್ನಿಮ್‌ಗೆ ಬರೆದ ಗುಟ್ಟಿನ ಪತ್ರಗಳನ್ನೇ ಕೋರ್ಟಿನಲ್ಲಿ ಓದಿಸಿದರು. ಫ್ರಾನ್ಸ್‌ನ್ನು ಹೇಗೆ ಒಂಟಿಯಾಗಿಡಬೇಕು ಅನ್ನುವ 1872ರ ಡಿಸೆಂಬರ್ ಪತ್ರವೂ ಸೇರಿ. ಯುರೋಪಿನ ಪತ್ರಿಕೆಗಳೆಲ್ಲ ಅಚ್ಚು ಹಾಕಿದವು. ಆರ್ನಿಮ್ ಬೀರುವಿನಲ್ಲಿದ್ದರೆ ದೇಶಕ್ಕೆ ಅಪಾಯ, ಬಿಸ್ಮಾರ್ಕ್ ಅನುಮತಿಯಿಂದ ಪೇಪರಿನಲ್ಲಿ ಬಂದರೆ ದೇಶಕ್ಕೆ ಹೆಮ್ಮೆ. ಏನು ನ್ಯಾಯವಪ್ಪಾ ಇದು!

ಸಾಕ್ಷಿ ಹೇಳಲು ಬಂದವರಲ್ಲಿ ಪ್ಯಾರಿಸ್ ಕಚೇರಿಯ ಕಾರ್ಯದರ್ಶಿ ಫ್ರೀಡ್ರಿಕ್ ಫಾನ್ ಹೋಲ್‌ಸ್ಟೈನ್ ಕೂಡ ಇದ್ದ. ಸಾಹೇಬನ ಪಕ್ಕದ ಕೋಣೆಯಲ್ಲಿ ಕೂತು ಬಿಸ್ಮಾರ್ಕ್‌ಗೆ ಚಾಡಿ ಬರೆಯುತ್ತಿದ್ದ ಅನ್ನುವ ಮಾತು ಊರೆಲ್ಲ ಹಬ್ಬಿತು. ಬರ್ಲಿನ್‌ನ ದೊಡ್ಡ ಮನೆಗಳು ಅವನಿಗೆ ಬಾಗಿಲು ಹಾಕಿದವು. ಅವನಿಗೇನು, ವಿದೇಶಾಂಗ ಕಚೇರಿಯಲ್ಲಿ 1906ರ ತನಕ ತೆರೆಮರೆಯಲ್ಲಿ ಕೂತು ದರ್ಬಾರು ನಡೆಸಿದ. ಚಾಡಿಕೋರರಿಗೆ ಪ್ರಮೋಷನ್ ತಪ್ಪಿದ್ದನ್ನು ನಾನಂತೂ ನೋಡಿಲ್ಲ.

ಶಿಕ್ಷೆ ಮೂರು ತಿಂಗಳು. ಮೇಲ್ಮನವಿ ಹಾಕಿದರೆ ಒಂಬತ್ತು ತಿಂಗಳಾಯಿತು. ಅಷ್ಟರಲ್ಲಿ ಆರ್ನಿಮ್ ದೇಶ ಬಿಟ್ಟಿದ್ದ, ಆ ಶಿಕ್ಷೆ ಅನುಭವಿಸಲೇ ಇಲ್ಲ. (ನೇರ ಜೈಲು ಅಂದ ಕೋಟಿನ ಹುಡುಗ ಇದನ್ನು ಓದಲಿ.) 1875ರಲ್ಲಿ ಜ್ಯೂರಿಕ್‌ನಿಂದ ಹೆಸರು ಹಾಕದ ಒಂದು ಪುಸ್ತಿಕೆ ಬಂತು. ತನ್ನ ಮೇಲೆ ಬಿಸ್ಮಾರ್ಕ್‌ಗೆ ಇರುವುದು ಬರೀ ವೈಯಕ್ತಿಕ ದ್ವೇಷ ಅಂತ ಅದರಲ್ಲಿ ಬರೆದಿತ್ತು. ಯಾರು ಬರೆದಿದ್ದು ಅಂತ ಮಕ್ಕಳಿಗೂ ಗೊತ್ತಾಗುವಂತಿತ್ತು. ಈ ಸಲ ದೇಶದ್ರೋಹದ ಕೇಸು. 1876ರಲ್ಲಿ ಆರೋಪಿ ಗೈರುಹಾಜರಿಯಲ್ಲೇ ಐದು ವರ್ಷ ಕಠಿಣ ಶಿಕ್ಷೆ.

ಇಷ್ಟಕ್ಕೂ ಬಿಸ್ಮಾರ್ಕ್‌ಗೆ ಸಮಾಧಾನವಾಗಲಿಲ್ಲ. ಅದೇ ವರ್ಷ ದಂಡಸಂಹಿತೆಗೆ 353ಎ ಅಂತ ಹೊಸ ಕಲಂ ಸೇರಿಸಿದ. ವಿದೇಶಾಂಗ ನೌಕರ ಗುಟ್ಟಿನ ಕಾಗದ ಹೊರಗೆ ಬಿಟ್ಟರೆ, ಮೇಲಿನ ಆದೇಶವನ್ನು ಬೇಕಂತಲೇ ಮೀರಿದರೆ ಅಪರಾಧ. ಜನ ಅದನ್ನು ಆರ್ನಿಮ್ ಕಲಂ ಅಂತಲೇ ಕರೆದರು. ಜರ್ಮನಿಯ ಕಾನೂನಿನಲ್ಲಿ ಇವತ್ತಿಗೂ ಅದೇ ನಂಬರಿನಲ್ಲಿ ಇದೆ.

ನೀವು ಕೇಳಬಹುದು: ರಾಯಭಾರಿ ಅಂದಮೇಲೆ ಸರ್ಕಾರ ಹೇಳಿದಂತೆ ಕೇಳಬೇಕಲ್ಲವೇ? ತನ್ನದೇ ವಿದೇಶಾಂಗ ನೀತಿ ಮಾಡಿಕೊಂಡು, ಮಂತ್ರಿಯ ತಲೆ ಮೇಲಿಂದ ರಾಜನಿಗೆ ಬರೆದರೆ ಸುಮ್ಮನಿರಬೇಕೇ? ಒಪ್ಪಿದೆ. ಆರ್ನಿಮ್‌ನನ್ನು ತೆಗೆದಿದ್ದು ತಪ್ಪಲ್ಲ. ನಾನಾಗಿದ್ದರೂ ತೆಗೆಯುತ್ತಿದ್ದೆ. ಆದರೆ ಬಿಸ್ಮಾರ್ಕ್ ಯಾವ ಬಾಯಲ್ಲಿ ಹೇಳಿದ ಇದನ್ನು? 1850ರ ದಶಕದಲ್ಲಿ ಅವನೇ ಫ್ರಾಂಕ್‌ಫರ್ಟ್‌ನಲ್ಲಿ ಪ್ರಷ್ಯಾದ ಪ್ರತಿನಿಧಿ. ಆಗ ಮಂತ್ರಿಯಾಗಿದ್ದವನು ಮಾಂಟೊಯ್ಫೆಲ್. ಅವನನ್ನು ಪಕ್ಕಕ್ಕಿಟ್ಟು ರಾಜನ ಆಪ್ತ ಲಿಯೊಪೋಲ್ಡ್ ಫಾನ್ ಗೆರ್ಲಾಕ್‌ಗೆ ಪುಟಗಟ್ಟಲೆ ಖಾಸಗಿ ಪತ್ರ ಬರೆಯುತ್ತಿದ್ದವನು ಇದೇ ಬಿಸ್ಮಾರ್ಕ್. ಅವನಿಗೆ ಅದು ರಾಜನೀತಿ. ಆರ್ನಿಮ್‌ಗೆ ಅದು ದ್ರೋಹ.

ಇನ್ನು ಕಾಗದದ ವಿಚಾರಕ್ಕೆ ಬರೋಣ. ನನ್ನ ಹೊಟ್ಟೆ ಉರಿಯುವುದೇ ಇಲ್ಲಿ.

1890ರ ಮಾರ್ಚ್‌ನಲ್ಲಿ ಹೊಸ ಚಕ್ರವರ್ತಿ ಬಿಸ್ಮಾರ್ಕ್‌ನನ್ನು ಮನೆಗೆ ಕಳಿಸಿದ. ಹೋಗುವಾಗ ಮಹಾಶಯ ಏನು ಮಾಡಿದ? ತನ್ನ ನಂಬಿಕೆಯ ಪತ್ರಕರ್ತ ಮೋರಿಟ್ಸ್ ಬುಶ್‌ನನ್ನು ಕರೆಸಿ ಕಾಗದಗಳ ನಕಲು ಮಾಡಿಸಿಕೊಂಡ. ಫ್ರೀಡ್ರಿಕ್ಸ್‌ರೂನ ಮನೆಗೆ ಕಾಗದಪತ್ರ ಸಾಗಿಸಿ ಆತ್ಮಕಥೆ ಬರೆಸಲು ಕೂತ. ಅದರಲ್ಲಿ ಒಳಸಂಚುಗಳು ಅಂತ ಒಂದು ಅಧ್ಯಾಯ. ಒಳಸಂಚು ಮಾಡಿದವನು ಯಾರು ಅಂತೀರಿ? ಆರ್ನಿಮ್! ಅವನು ಸತ್ತು ಎಷ್ಟೋ ವರ್ಷವಾಗಿದ್ದರೂ ಬಿಡಲಿಲ್ಲ.

ಅಷ್ಟೇ ಆಗಿದ್ದರೆ ಹೋಗಲಿ ಮುದುಕ ಅನ್ನಬಹುದಿತ್ತು. 1887ರಲ್ಲಿ ಬಿಸ್ಮಾರ್ಕ್ ಆಸ್ಟ್ರಿಯಾದ ಎದುರಾಳಿ ರಷ್ಯಾ ಜೊತೆ ಒಂದು ಒಪ್ಪಂದ ಮಾಡಿದ್ದ. ಬೆನ್ನು ತಟ್ಟಿ ಮಿತ್ರ ಅನ್ನುತ್ತಿದ್ದ ಆಸ್ಟ್ರಿಯಾಗೂ ಗೊತ್ತಾಗದಂತೆ ಇಟ್ಟಿದ್ದ ಪರಮ ಗುಟ್ಟು. 1890ರಲ್ಲಿ ಅವನ ನಂತರ ಬಂದವರು ಅದನ್ನು ಮುಂದುವರಿಸಲಿಲ್ಲ. ಆ ಸಿಟ್ಟಿಗೆ 1896ರ ಅಕ್ಟೋಬರ್ 24ರಂದು, ತನ್ನ ಮಾತು ಕೇಳುವ ಹ್ಯಾಂಬರ್ಗ್‌ನ ಪತ್ರಿಕೆಯಲ್ಲಿ, ಆ ಗುಟ್ಟನ್ನು ಬಯಲು ಮಾಡಿಸಿದ. ವಿಯೆನ್ನಾದವರಿಗೆ ಹೇಗಾಗಿರಬೇಡ? ಇದು ರಾಜ್ಯದ ಅತಿ ಗುಪ್ತ ವಿಷಯ, ಬಯಲು ಮಾಡುವುದು ತಪ್ಪು ಅಂತ ಸರ್ಕಾರಿ ಗೆಜೆಟ್ ಮೂರು ದಿನ ಬಿಟ್ಟು ಗೊಣಗಿತು. ಕೇಸು? ಇಲ್ಲ. ಬಂಧನ? ಇಲ್ಲ. 353ಎ ಎಲ್ಲಿ ಹೋಗಿತ್ತು? ಪುಸ್ತಕದಲ್ಲೇ ತಣ್ಣಗೆ ಮಲಗಿತ್ತು. ಆರ್ನಿಮ್ ಹೊರಗೆ ಬಿಟ್ಟಿದ್ದು ಮುಗಿದುಹೋದ ಧರ್ಮಸಭೆಯ ಹಳೇ ಪತ್ರ. ಬಿಸ್ಮಾರ್ಕ್ ಹೊರಗೆ ಬಿಟ್ಟಿದ್ದು ಮಿತ್ರದೇಶಕ್ಕೆ ತಾನೇ ಬಗೆದ ಮೋಸ.

ಆ ಹೊತ್ತಿಗೆ ಚಾನ್ಸೆಲರ್ ಕುರ್ಚಿಯಲ್ಲಿ ಯಾರಿದ್ದ ಗೊತ್ತಾ? ಹೊಹೆನ್‌ಲೋಹೆ. ಪ್ಯಾರಿಸ್ ದಫ್ತರದಲ್ಲಿ ಆರ್ನಿಮ್ ನಂತರ ಬಂದು ಕೂತಿದ್ದ ಅದೇ ಹೊಹೆನ್‌ಲೋಹೆ. ಈ ಸಲ ಅವನು ಸಂಸತ್ತಿನಲ್ಲಿ ಎದ್ದು ಮೆತ್ತಗೆ ನಾಲ್ಕು ಮಾತು ಹೇಳಿ ಕೂತ.

ಅವನೂ ಸಾಮಾನ್ಯನಲ್ಲ ಅನ್ನಿ. ಜೀವನವಿಡೀ ಡೈರಿ ಬರೆದಿಟ್ಟಿದ್ದ. 1906ರಲ್ಲಿ ಅದು ಅಚ್ಚಾಯಿತು. ಬಿಸ್ಮಾರ್ಕ್‌ನನ್ನು ತೆಗೆದಾಗ ಅರಮನೆಯೊಳಗೆ ಏನೇನಾಯಿತು ಅನ್ನುವುದೆಲ್ಲ ಬೀದಿಗೆ ಬಂತು. ಚಕ್ರವರ್ತಿ ಕೆಂಡವಾದ. ಹೊಹೆನ್‌ಲೋಹೆ ಅಷ್ಟರಲ್ಲಿ ಸತ್ತು ಐದು ವರ್ಷ, ಅವನನ್ನು ಏನು ಮಾಡುವುದು? ಅವನ ಮಗ ಅಲೆಕ್ಸಾಂಡರ್ ಕೋಲ್ಮಾರ್‌ನಲ್ಲಿ ಅಧಿಕಾರಿಯಾಗಿದ್ದ. ಅವನ ಕೆಲಸ ಹೋಯಿತು.

ಆರ್ನಿಮ್ ಮಾತ್ರ ಇದ್ಯಾವುದನ್ನೂ ನೋಡಲಿಲ್ಲ. ಆಸ್ಟ್ರಿಯಾ, ಇಟಲಿ ಅಂತ ಅಲೆಯುತ್ತಾ, ಊರಿಗೆ ಬರುತ್ತೇನೆ, ದೇಶದ್ರೋಹದ ಕೇಸನ್ನು ನನ್ನ ಎದುರೇ ಇನ್ನೊಮ್ಮೆ ನಡೆಸಿ ಅಂತ ಅರ್ಜಿ ಹಾಕುತ್ತಲೇ ಇದ್ದ. ಕೊನೆಗೂ ಮಂಜೂರಾಯಿತು. ಹೊರಡುವ ಮೊದಲೇ, 1881ರ ಮೇ 19ರಂದು ನೀಸ್‌ನಲ್ಲಿ ತೀರಿಕೊಂಡ.

ಬಿಸ್ಮಾರ್ಕ್ ಭಕ್ತರು ಕಾಮೆಂಟಿಗೆ ಧಾರಾಳವಾಗಿ ಬರಬಹುದು. ಜರ್ಮನಿಯನ್ನು ಒಂದು ಮಾಡಿದ, ಕಾರ್ಮಿಕರಿಗೆ ವಿಮೆ ತಂದ, ಇದೆಲ್ಲ ನನಗೂ ಗೊತ್ತು, ಅದನ್ನು ಬರೆಯಬೇಡಿ. 1896ರ ಅಕ್ಟೋಬರ್ 24ರ ಬಗ್ಗೆ ಬರೆಯಿರಿ. ಮತ್ತೆ, ಭಾವನಿಗೆ ಯಾರೂ ಸ್ಕ್ರೀನ್‌ಶಾಟ್ ಕಳಿಸಬೇಡಿ ಮಾರಾಯ್ರೇ.