ದೊಡ್ಡಮ್ಮನ ವಚನಕ್ಕೆ ಯಾರದೋ ತಾಳ

ಧಾರವಾಡ ಆಕಾಶವಾಣಿಯಲ್ಲಿ ದೊಡ್ಡಮ್ಮನ ವಚನ ಗಾಯನ, ಅರ್ಧ ಗಂಟೆ. ಬೆಂಗಳೂರಿನಲ್ಲಿರುವ ನನಗೆ ಫೋನಿನಲ್ಲೇ ಹುಕುಂ ಆಯಿತು. ‘ಕಂಪ್ಯೂಟರ್‌ನ್ಯಾಗ ಬರ್ತದಂತ, ರೆಕಾರ್ಡ್ ಮಾಡಿ ಇಡು ತಮ್ಮಾ.’

ವಿಂಡೋಸ್ ಜೊತೆಗೇ ಬರುವ ರೆಕಾರ್ಡರ್‌ನಲ್ಲಿ ಮೊದಲು ವಾರ್ತೆ ಹಿಡಿದು ನೋಡಿದೆ. ಅದು ಕೇಳಿಸಿಕೊಳ್ಳುವುದು ಮೈಕಿನಿಂದ. ಹಾಗಾಗಿ ವಾರ್ತೆಯ ಜೊತೆ ಕುಕ್ಕರ್ ಸೀಟಿ, ಸೊಪ್ಪಿನವನ ಕೂಗು, ‘ಸ್ವಲ್ಪ ಸೌಂಡ್ ಕಮ್ಮಿ ಮಾಡ್ರೀ’ ಎಂಬ ಮನೆಯವಳ ಮಾತು, ಎಲ್ಲವೂ ಬಂದವು. ಆಕಾಶವಾಣಿಗಿಂತ ಅಡುಗೆಮನೆವಾಣಿಯೇ ಸ್ಪಷ್ಟ.

ಸರಿ, ಬೇರೆ ಸಾಫ್ಟ್‌ವೇರ್ ಹುಡುಕೋಣ ಎಂದರೆ ಎಲ್ಲವೂ ‘ಪೂರ್ತಿ ಉಚಿತ’. ಪುಟದ ತುಂಬ ದಪ್ಪ ದಪ್ಪ ಹಸಿರು ಡೌನ್‌ಲೋಡ್ ಬಟನ್‌ಗಳು. ಅಸಲಿಯದು ಮಾತ್ರ ಮೂಲೆಯಲ್ಲಿ, ಬೂದು ಬಣ್ಣದಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣಕ್ಕೆ. ಹಾಗೆ ಇಳಿಸಿಕೊಂಡ ಒಂದು ಮೂರು ನಿಮಿಷಕ್ಕೇ ನಿಂತು ದುಡ್ಡು ಕೇಳಿತು. ದೊಡ್ಡಮ್ಮನ ನಿಧಾನದ ಗಾಯನದಲ್ಲಿ ಮೂರು ನಿಮಿಷಕ್ಕೆ ಕೂಡಲಸಂಗಮದೇವನ ತನಕ ಹೋಗುವುದುಂಟೇ? ಇನ್ನೊಂದು ತನ್ನ ಜೊತೆ ಯಾವುದೋ ಆಂಟಿವೈರಸ್ಸನ್ನೂ ಕರೆತಂದಿತು, ಕರೆಯದೇ. ಪರದೆಯ ವಿಡಿಯೋವನ್ನೇ ಹಿಡಿಯುವ ಒಬಿಎಸ್ ಎಂಬ ಸಾಫ್ಟ್‌ವೇರ್ ಒಳ್ಳೆಯದೇ, ದುಡ್ಡೂ ಕೇಳುವುದಿಲ್ಲ. ಆದರೆ ಬರೀ ಹಾಡಿಗೆ ಅದನ್ನು ತರುವುದು ಸತ್ಯನಾರಾಯಣ ಪೂಜೆಗೆ ಡ್ರೋನ್ ಕ್ಯಾಮೆರಾದವರನ್ನು ಕರೆಸಿದ ಹಾಗೆ.

ಕೊನೆಗೆ ಸಿಕ್ಕಿದ್ದು ಆಡಾಸಿಟಿ. 2000ನೇ ಇಸವಿಯಿಂದ ಪುಕ್ಕಟೆಯಾಗಿ ಸಿಗುತ್ತಿದೆ, ನೋಟವೂ ಹೆಚ್ಚುಕಮ್ಮಿ ಆ ಕಾಲದ್ದೇ. ಅದರಲ್ಲಿ ‘ವಿಂಡೋಸ್ ವಸಾಪಿ’ (ವಿಂಡೋಸ್‌ನಲ್ಲಿ ಸದ್ದು ಓಡಾಡುವ ಒಂದು ದಾರಿ, WASAPI) ಆರಿಸಿ, ರೆಕಾರ್ಡ್ ಮಾಡುವ ಜಾಗದಲ್ಲಿ ಸ್ಪೀಕರ್ ಹೆಸರಿನ ಮುಂದೆ ‘ಲೂಪ್‌ಬ್ಯಾಕ್’ ಎಂದಿರುವುದನ್ನು ಒತ್ತಬೇಕು. ಆಗ ದನಿ ಸ್ಪೀಕರಿನಿಂದ ಹೊರಬಿದ್ದು ಮೈಕಿಗೆ ಸುತ್ತಿ ಬರುವುದಿಲ್ಲ, ಕಂಪ್ಯೂಟರಿನ ಒಳಗೇ ನೇರ ಸಿಗುತ್ತದೆ. ಕುಕ್ಕರ್ ಎಷ್ಟು ಕೂಗಿದರೂ ಒಳಗೆ ಪ್ರವೇಶವಿಲ್ಲ. ಮ್ಯಾಕ್‌ನವರಿಗೆ ಇದಕ್ಕೆ ಬ್ಲ್ಯಾಕ್‌ಹೋಲ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬೇಕು. ಅವರ ಪಾಡು ಅವರಿಗೆ.

ಅರ್ಧ ಗಂಟೆಯ ವೇವ್ ಫೈಲು ಮುನ್ನೂರು ಎಂಬಿ ದಾಟಿತು. ಎಂಪಿ3 ಮಾಡಿದ ಮೇಲೆ ಮೂವತ್ತರೊಳಗೆ ಇಳಿಯಿತು. ಖುಷಿಯಿಂದ ಕಳಿಸಿದೆ.

ಲೂಪ್‌ಬ್ಯಾಕ್‌ಗೆ ಭೇದಭಾವ ಇಲ್ಲ ನೋಡಿ, ಕಂಪ್ಯೂಟರ್ ಹೊರಡಿಸುವ ಸದ್ದೆಲ್ಲ ಅದಕ್ಕೆ ಒಂದೇ. ವಾಟ್ಸಾಪ್ ಕೂಡ ಅದೇ ಕಂಪ್ಯೂಟರಿನಲ್ಲಿ ತೆರೆದಿತ್ತು. ಹಾಡು ನಡೆಯುತ್ತಿದ್ದಾಗಲೇ ಬಂಧುಬಳಗದ ಗ್ರೂಪಿನಲ್ಲಿ ಅಭಿನಂದನೆಗಳ ಸುರಿಮಳೆ, ಒಂದೊಂದಕ್ಕೂ ಒಂದೊಂದು ‘ಟಿಂಗ್’.

ಸಂಜೆ ದೊಡ್ಡಮ್ಮನ ಫೋನ್ ಬಂತು. ‘ಹಾಡು ಛಲೋ ಬಂದದ. ಆದ್ರ ಆ ತಾಳ ಹಾಕಿದಾವ ಯಾರೋ ತಮ್ಮಾ? ಒಂದ್ ಸಲಾನೂ ಸಮಕ್ಕ ಬರಲಿಲ್ಲಲ್ಲ!’