ಮಡ್‌ಗಾರ್ಡ್ ಇಲ್ಲದ ಕಾರಿಗೆ ಮೈಸೂರಲ್ಲಿ ಜಾಗ ಎಲ್ಲಿ?

ಮಿಶಿಗನ್‌ನಲ್ಲಿ ಅರವತ್ತು ದಾಟಿದವರೊಬ್ಬರು ಗೇಣುದ್ದವೂ ಇಲ್ಲದ ಪ್ಲಾಸ್ಟಿಕ್ ಕಾರಿಗೆ ತಿಂಗಳುಗಟ್ಟಲೆ ಬಣ್ಣ ಹೊಡೆಯುತ್ತಾ ಕೂತರೆ ಯಾರೂ ಏನೂ ಕೇಳುವುದಿಲ್ಲ. ಮೈಸೂರಲ್ಲಿ ಅದೇ ಕೆಲಸಕ್ಕೆ ಕೂತು ನೋಡಿ. ಸಂಜೆಯೊಳಗೆ ಪ್ರಶ್ನೆ ಶುರು. ಮಗನಿಗಾ? ಎಷ್ಟಾಯ್ತು? ಇದ್ರಿಂದ ಏನು ಉಪಯೋಗ?

ನನ್ನ ಕೆಲಸ ಡೆಟ್ರಾಯಿಟ್ ಹತ್ತಿರ. ಅಕ್ಕನ ಮನೆ ಚಾಮುಂಡಿಪುರಂನಲ್ಲಿ. ಹಳೇ ಸ್ನೇಹಿತರು ಮೈಸೂರು, ಮಂಡ್ಯದಲ್ಲಿ ಹಂಚಿಹೋಗಿದ್ದಾರೆ. ಅವರಲ್ಲಿ ಕೆಲವರಿಗೆ ನನ್ನದೇ ಹುಚ್ಚು. ಹಾಟ್ ರಾಡ್ ಕಾರುಗಳ ಮಾಡೆಲ್ ಕಟ್ಟುವುದು. ಎರಡೂ ಕಡೆಯ ಗುಂಪನ್ನು ನೋಡಿದ ಮೇಲೆ ನನಗೆ ಅನಿಸಿದ್ದನ್ನು ಹೇಳುತ್ತೇನೆ. ನಮ್ಮ ಕಡೆ ಕೈಚಳಕಕ್ಕೆ, ಸಾಮಾನಿಗೆ ಕೊರತೆ ಇಲ್ಲ. ಮಾಡಿದ್ದನ್ನು ಎಲ್ಲರ ಎದುರು ಇಟ್ಟು, ಹೇಗೆ ಮಾಡಿದೆ ಅಂತ ಬಾಯಿಬಿಟ್ಟು ಹೇಳುವ ಅಭ್ಯಾಸಕ್ಕೆ ಕೊರತೆ.

ಹಾಟ್ ರಾಡ್ ಅಂದರೆ ಹಳೇ ಕಾರಿನಿಂದ ಬೇಡದ್ದನ್ನೆಲ್ಲ ಕಿತ್ತು, ಎಂಜಿನ್ ಬಲ ಹೆಚ್ಚಿಸಿ, ಓಟಕ್ಕೆ ಅಂತಲೇ ಮತ್ತೆ ಕಟ್ಟಿದ ಕಾರು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಶುರು ಮಾಡಿದ್ದು. ಅಲ್ಲಿ ಮ್ಯೂರಾಕ್, ಎಲ್ ಮಿರಾಜ್ ಅನ್ನುವ ಒಣಗಿದ ಕೆರೆಯಂಗಳಗಳಿವೆ. ನೆಲ ಗಟ್ಟಿ, ಸಪಾಟು. ಗುಜರಿ ಫೋರ್ಡ್ ತಂದು, ಮಡ್‌ಗಾರ್ಡ್ ಬಿಚ್ಚಿ ಭಾರ ಇಳಿಸಿ, ಅಲ್ಲಿ ಓಡಿಸಿ ವೇಗ ಅಳೆಯುತ್ತಿದ್ದರು. 1937ರಲ್ಲಿ ಇದಕ್ಕೆ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಅಂತ ಸಂಘವೂ ಆಯಿತು. ಎಲ್ಲರ ಕಣ್ಣು 1932ರ ಫೋರ್ಡ್ ಮೇಲೆ. ಮಂಡ್ಯದ ಸಕ್ಕರೆ ಕಾರ್ಖಾನೆಗಿಂತ ಒಂದು ವರ್ಷ ದೊಡ್ಡದು ಅನ್ನಿ. ಸಾಮಾನ್ಯ ಜನ ಕೊಳ್ಳುವ ಬೆಲೆಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ಮೊದಲು ಬಂದದ್ದು ಅದರಲ್ಲಿ. ಬರೀ 65 ಅಶ್ವಶಕ್ತಿ. ಆದರೆ ಕೈಯಾಡಿಸಿದಷ್ಟೂ ಬಲ ಕೊಡುತ್ತಿತ್ತು.

ಇದು ಮಾಡೆಲ್ ಆಗಿ ಮನೆ ಸೇರಿದ ಕತೆಗೆ ನಾನಿರುವ ಜಾಗದ ನಂಟಿದೆ. ಪಕ್ಕದ ಟ್ರಾಯ್ ಊರಿನಲ್ಲಿ ಎಎಂಟಿ ಅಂತ ಕಂಪನಿ ಇತ್ತು. 1948ರಲ್ಲಿ ಶುರುವಾಗಿದ್ದು. ಮೊದಮೊದಲು ಕಾರಿನ ಡೀಲರುಗಳಿಗೆ ಪ್ರಚಾರದ ಪುಟ್ಟ ಕಾರು ಮಾಡಿಕೊಡುತ್ತಿತ್ತು. 1958ರಲ್ಲಿ ಅವರು ಒಂದು ಜಾಣತನ ಮಾಡಿದರು. ಒಂದೇ ಡಬ್ಬಿಯಲ್ಲಿ ಮೂರು ಬಗೆಗೆ ಬೇಕಾದ ಬಿಡಿಭಾಗ ಹಾಕಿ ಕಿಟ್ ಅಂತ ಕೊಟ್ಟರು. ಕಂಪನಿಯಿಂದ ಬಂದ ಹಾಗೇ ಕಟ್ಟಬಹುದು, ನಮಗೆ ಬೇಕಾದ ಹಾಗೆ ಬದಲಾಯಿಸಿ ಕಸ್ಟಮ್ ಮಾಡಬಹುದು, ರೇಸ್ ಕಾರು ಮಾಡಬಹುದು. ಕಟ್ಟುವುದು ಒಂದನ್ನೇ ಅಲ್ವಾ? ಮಿಕ್ಕ ಭಾಗ ಉಳಿಯುತ್ತದೆ. ಹೀಗೆ ಅಮೆರಿಕದ ಮನೆಮನೆಯಲ್ಲಿ ಉಳಿದ ಚಕ್ರ, ಬಂಪರ್, ಕಾರ್ಬೊರೇಟರು ತುಂಬಿದ ಡಬ್ಬಿಗಳು ಹುಟ್ಟಿಕೊಂಡವು. ಡಬ್ಬಿ ಇದ್ದ ಮೇಲೆ ಅದಲುಬದಲು ಇದ್ದೇ ಇದೆ. ಅಲ್ಲಿನ ಗುಂಪುಗಳನ್ನು ಕಟ್ಟಿದ್ದು ಈ ಉಳಿಕೆ ಸಾಮಾನೇ ಅಂತ ನನ್ನ ಅನುಮಾನ.

ನಮ್ಮಲ್ಲಿ ಅದು ಬೇರೆ ಥರ. ಮೈಸೂರು ಯಂತ್ರ ಗೊತ್ತಿಲ್ಲದ ಊರೇನಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳು ಇವತ್ತೂ ಗುಡುಗುತ್ತಾ ಓಡಾಡುತ್ತಿವೆ. ಅವನ್ನು ಸಾಕುವವರನ್ನು ಮಾತಾಡಿಸಿ. ಎಲ್ಲಾ ಒರಿಜಿನಲ್ ಸಾರ್, ಒಂದು ನಟ್ಟೂ ಬದಲಾಯಿಸಿಲ್ಲ ಅಂತಾರೆ. ಅದೇ ಅವರ ಹೆಮ್ಮೆ. ಮಿಶಿಗನ್‌ನ ಹಾಟ್ ರಾಡ್ ಮನುಷ್ಯ ಇದನ್ನು ಕೇಳಿದರೆ, ಅಯ್ಯೋ ಪಾಪ, ಇನ್ನೂ ಟೈಮ್ ಸಿಕ್ಕಿಲ್ವಾ ಅಂತಾನೆ. ಬದಲಾಯಿಸದೆ ಬಿಟ್ಟ ಗಾಡಿ ಅವನ ಪಾಲಿಗೆ ಅರ್ಧಕ್ಕೆ ನಿಂತ ಕೆಲಸ. ಅವನಿಗೂ ಹಳೇ ಗಾಡಿ ಮೇಲೆ ಪ್ರೀತಿಯೇ. ಆದರೆ ಒಬ್ಬ ಉಳಿಸಿಕೊಳ್ಳುತ್ತಾನೆ, ಇನ್ನೊಬ್ಬ ಕತ್ತರಿಸುತ್ತಾನೆ.

ನಿಜವಾದ ಗಾಡಿಯಲ್ಲಿ ಕತ್ತರಿಸುವ ಆಟ ನಮ್ಮಲ್ಲಿ ನಡೆಯುವುದೂ ಇಲ್ಲ ಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ತಡೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ರಸ್ತೆಯ ಮಟ್ಟಿಗೆ ಇದು ಸರಿ ಅಂತಲೇ ನನ್ನ ಅಭಿಪ್ರಾಯ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮನೆಯಲ್ಲಿ ಕುಯ್ದ ಕಾರು ನನ್ನ ಪಕ್ಕ ಬರುವುದು ನನಗೂ ಬೇಡ. ಆದರೆ ಮೇಜಿನ ಮೇಲಿನ ಕಾರಿಗೆ ಆರ್‌ಟಿಒ ಇಲ್ಲ. ಹಾಗಾಗಿ ಈ ಹವ್ಯಾಸಕ್ಕೆ ಅಮೆರಿಕಕ್ಕಿಂತ ನಮ್ಮಲ್ಲೇ ಜಾಸ್ತಿ ಕಾರಣ ಇದೆ. ಅಲ್ಲಿ ದುಡ್ಡಿದ್ದವನು ನಿಜವಾದದ್ದನ್ನೇ ಕಟ್ಟಿಕೊಳ್ಳಬಹುದು. ನಮಗೆ ಪುಟ್ಟದೊಂದೇ ದಾರಿ.

ಆ ದಾರಿಯಲ್ಲಿ ಹುಡುಗರು ಎಲ್ಲಿಗೆ ಹೋಗಿದ್ದಾರೆ ನೋಡಿ. ಕುವೆಂಪುನಗರದ ನನ್ನ ಸ್ನೇಹಿತ ಆಟಿಕೆ ಅಂಗಡಿಯ ಅಂಬಾಸಿಡರ್ ತಂದು ಅದರ ತಾರಸಿ ಇಳಿಸಿದ್ದಾನೆ. ಹಿಂದಕ್ಕೆಳೆದು ಬಿಟ್ಟರೆ ಓಡುತ್ತಲ್ಲ, ಅದೇ ಪ್ಲಾಸ್ಟಿಕ್ ಕಾರು. ತಾರಸಿ ಇಳಿಸುವುದು ಹಾಟ್ ರಾಡ್‌ನವರ ಹಳೇ ಚಟ. ಕಿಟಕಿಯ ಕಂಬಗಳಲ್ಲಿ ಒಂದು ತುಂಡು ಕತ್ತರಿಸಿ ತೆಗೆದು ಮೇಲ್ಛಾವಣಿಯನ್ನು ಕೆಳಗೆ ಕೂರಿಸುವುದು. 1932ರ ಫೋರ್ಡ್‌ನಲ್ಲಿ ಕಂಬಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತವೆ. ಕುಯ್ದು ಇಳಿಸಿದರೆ ಮೇಲಿನದು ಕೆಳಗಿನದಕ್ಕೆ ಸುಮಾರಾಗಿ ಕೂರುತ್ತದೆ. 1/25 ಅಳತೆಯಲ್ಲಿ ಲೆಕ್ಕವೂ ಸುಲಭ. ನಿಜವಾದ ಕಾರಿನ ಒಂದು ಇಂಚು ಇಲ್ಲಿ ಒಂದು ಮಿಲಿಮೀಟರ್. ಮೂರು ಇಂಚು ಇಳಿಸಬೇಕಾದರೆ ಮೂರು ಮಿಲಿಮೀಟರ್ ತೆಗೆದರಾಯಿತು.

ಅಂಬಾಸಿಡರ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮುಂದಿನ ಗಾಜು ಹಿಂದಕ್ಕೆ ವಾಲಿದೆ, ಹಿಂದಿನದು ಮುಂದಕ್ಕೆ. ಛಾವಣಿ ಬೋರಲು ಹಾಕಿದ ಬಟ್ಟಲು. ಇಳಿಸಿದ ಕೂಡಲೇ ಅದು ಉದ್ದಕ್ಕೆ ಸಾಲದೆ ಬರುತ್ತದೆ. ಆಗ ಎರಡೇ ಉಪಾಯ. ಕಂಬಗಳನ್ನು ಇನ್ನೂ ವಾಲಿಸಬೇಕು. ಇಲ್ಲವೇ ಛಾವಣಿಯನ್ನು ಅಡ್ಡಕ್ಕೆ ಕುಯ್ದು ನಡುವೆ ಪಟ್ಟಿ ಸೇರಿಸಬೇಕು. ಅವನು ಎರಡನೆಯದನ್ನು ಹಿಡಿದ. ಪಟ್ಟಿಗೆ ಹಳೇ ಐಸ್‌ಕ್ರೀಂ ಡಬ್ಬಿಯ ಮುಚ್ಚಳ. ಮೇಲೆ ಕಾರಿನ ಟಿಂಕರಿಂಗ್‌ನವರು ಬಳಸುವ ಪುಟ್ಟಿ, ಆಮೇಲೆ ವಾಟರ್ ಪೇಪರ್. ಸೂಜಿಯಂಥ ಅರ, ಚಿಮಟ ಎಲ್ಲ ಅಶೋಕ ರಸ್ತೆಯ ಕಡೆಯಿಂದ. ಚಿನ್ನದ ಕೆಲಸದವರು ಬಳಸುವಂಥವು. ಡೆಟ್ರಾಯಿಟ್‌ನ ಹವ್ಯಾಸದ ಅಂಗಡಿಯಲ್ಲಿ ನಾನು ಕೊಳ್ಳುವುದಕ್ಕಿಂತ ಅವು ಎಷ್ಟೋ ಮೇಲು.

ಬಣ್ಣವೂ ಹಾಗೇ. ಅಲ್ಲಿ 'ಕ್ಯಾಂಡಿ' ಬಣ್ಣಕ್ಕೆ ಬೇರೆಯದೇ ಬಾಟಲಿ ಸಿಗುತ್ತದೆ. ಕೆಳಗೆ ಚಿನ್ನದ ಬಣ್ಣ, ಮೇಲೆ ಪಾರದರ್ಶಕ ಕೆಂಪು, ಒಳಗಿಂದ ಹೊಳಪು ಬರುತ್ತದೆ. ಇವನು ಬಳೆ ಅಂಗಡಿಯ ನೇಲ್ ಪಾಲಿಶ್‌ಗೆ ಥಿನ್ನರ್ ಬೆರೆಸಿ ಹೊಡೆದ. ನೇಲ್ ಪಾಲಿಶ್ ಪ್ಲಾಸ್ಟಿಕ್ ತಿನ್ನುತ್ತದೆ. ಆದ್ದರಿಂದ ಕೆಳಗೆ ಒಳ್ಳೆಯ ಪ್ರೈಮರ್ ಬೇಕೇ ಬೇಕು. ಮಳೆಗಾಲದಲ್ಲಿ ಮುಟ್ಟಲೇಬಾರದು. ಗಾಳಿಯ ತೇವಕ್ಕೆ ಲ್ಯಾಕರ್ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ನಮಗೆ ಮಿಶಿಗನ್‌ನಲ್ಲಿ ಚಳಿಗಾಲ ಅಡ್ಡ ಬಂದರೆ, ಅವರಿಗೆ ಆಷಾಢ.

ಇನ್ನು ಮಂಡ್ಯದ ಸ್ನೇಹಿತನ ಕತೆ. ಎಂಜಿನ್ನಿಗೆ ವೈರಿಂಗ್ ಮಾಡುವುದು ಈ ಹವ್ಯಾಸದಲ್ಲಿ ಒಂದು ಮೆಟ್ಟಿಲು ಮೇಲಿನ ಕೆಲಸ. ಕಿಡಿಯ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನಿಂದ ಎಂಟು ಸ್ಪಾರ್ಕ್ ಪ್ಲಗ್‌ಗೆ ಎಂಟು ತಂತಿ, ಕಾಯಿಲ್‌ಗೆ ಒಂದು. ಅಮೆರಿಕದಲ್ಲಿ ಇದಕ್ಕೆಂದೇ ಪೊಟ್ಟಣ ಮಾರುತ್ತಾರೆ. ಮಂಡ್ಯದವನ ಮಾವನದ್ದು ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿ. ನೆಲದ ಮೇಲೆ ಬಿದ್ದ 30 ಗೇಜ್ ತಾಮ್ರದ ತಂತಿ ಎತ್ತಿಕೊಂಡು ಬಂದ. ಅದರ ದಪ್ಪ ಸುಮಾರು 0.3 ಮಿಲಿಮೀಟರ್. ನಿಜವಾದ ಪ್ಲಗ್ ವೈರು ಏಳೆಂಟು ಮಿಲಿಮೀಟರ್ ಇರುತ್ತದೆ. 25ರಿಂದ ಭಾಗಿಸಿ ನೋಡಿ, ಸರಿಯಾಗಿ ಕೂರುತ್ತದೆ. ಕಬ್ಬಿನ ಗದ್ದೆಗೆ ನೀರು ಹಾಯಿಸುವ ಮೋಟಾರಿನ ತಂತಿ ಕ್ಯಾಲಿಫೋರ್ನಿಯಾದ ಕಾರಿಗೆ ಕಿಡಿ ಕೊಡುತ್ತಿದೆ ಅಂತ ನಾನು ಅಲ್ಲಿನ ಗೆಳೆಯರಿಗೆ ಹೇಳಿದಾಗ ಅವರು ಗೇಜ್ ನಂಬರ್ ಬರೆದುಕೊಂಡರು.

ಆದರೆ ಈ ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೈಸೂರಿಗೂ ಮಂಡ್ಯಕ್ಕೂ ಮಧ್ಯೆ ಎಷ್ಟು ದೂರ ಹೇಳಿ? ತಂತಿಯ ವಿಷಯ ಮೈಸೂರಿನವನಿಗೆ ತಲುಪಿದ್ದು ಮಿಶಿಗನ್ ಸುತ್ತಿಕೊಂಡು, ನನ್ನ ಬಾಯಿಂದ. ಅಲ್ಲಯ್ಯಾ, ನೀವೇ ಒಂದು ಕಡೆ ಸೇರಬಾರದಾ ಅಂದರೆ ಸಿಗುವ ಉತ್ತರ: "ಬಿಡು ಗುರು, ಸುಮ್ನೆ ಟೈಮ್‌ಪಾಸ್‌ಗೆ ಮಾಡೋದು, ಇದನ್ನ ಯಾರಿಗೆ ತೋರಿಸೋಣ?"

ಡೆಟ್ರಾಯಿಟ್‌ನಿಂದ ಒಂದು ಗಂಟೆಯ ದಾರಿ ಒಹಾಯೊದ ಟೊಲಿಡೊ. ಅಲ್ಲಿ ಎನ್‌ಎನ್‌ಎಲ್ ಅನ್ನುವ ಬಗೆಯ ಮೇಳ ನಡೆಯುತ್ತದೆ. ತೀರ್ಪುಗಾರರು ಟಾರ್ಚ್ ಹಿಡಿದು ಅಂಟಿನ ಕಲೆ ಹುಡುಕುವ ಸ್ಪರ್ಧೆಗಳೂ ಅಮೆರಿಕದಲ್ಲಿವೆ. ಇದು ಅದಲ್ಲ. ಉದ್ದನೆಯ ಮೇಜು, ಅದರ ಮೇಲೆ ಕಾರು, ಪಕ್ಕದಲ್ಲೊಂದು ಚೀಟಿ. ಯಾವ ಕಿಟ್, ಯಾವ ಬಣ್ಣ, ಎಲ್ಲಿ ಕುಯ್ದಿದ್ದು, ಏನನ್ನು ಕೈಯಲ್ಲೇ ಮಾಡಿದ್ದು ಅಂತ ಬರೆದಿರುತ್ತಾರೆ. ನೋಡುವವರು ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಮಾಡಿದವರು ಮುಚ್ಚಿಡದೆ ಹೇಳುತ್ತಾರೆ. ಕಸುಬಿನ ಗುಟ್ಟು ಬಿಟ್ಟುಕೊಡಬಾರದು ಅಂತ ಬೆಳೆದ ನನಗೆ ಮೊದಮೊದಲು ಇದು ವಿಚಿತ್ರ ಅನಿಸುತ್ತಿತ್ತು.

ಹಾಗಂತ ಅಲ್ಲಿನದೆಲ್ಲ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಆ ಸಭಾಂಗಣದಲ್ಲಿ ಎತ್ತ ನೋಡಿದರೂ ನೆರೆತ ತಲೆ. ಹೆಂಗಸರು ಅಪರೂಪ. ಮಕ್ಕಳಿಗೆ ಬಿಟ್ಟಿ ಕಿಟ್ ಕೊಟ್ಟು ಕೂರಿಸುತ್ತಾರೆ. ಮಕ್ಕಳು ಅಂಟಿಸಿಕೊಂಡು ಮನೆಗೆ ಹೋಗುತ್ತವೆ, ತಿರುಗಿ ಬರುವುದು ಕಡಿಮೆ. ಈಗಿನ ಹುಡುಗರಿಗೆ ಇದೆಲ್ಲ ಬೇಡ ಅಂತ ಹಿರಿಯರು ಗೊಣಗುತ್ತಾರೆ. ಅವರ ಹವ್ಯಾಸ ಇರುವುದು ನೆಲಮಾಳಿಗೆಯಲ್ಲಿ. ಮನೆಯವರು ಅಲ್ಲಿಗೆ ಇಳಿಯುವುದೇ ಇಲ್ಲ. ಮತ್ತೆ ಮಕ್ಕಳಿಗೆ ಹಿಡಿಸುವುದು ಹೇಗೆ?

ಇಲ್ಲಿ ನಮ್ಮ ಊರು ಅವರಿಗಿಂತ ಮುಂದಿದೆ. ದಸರೆಯ ಗೊಂಬೆ ಹಬ್ಬ ಇರುವಾಗ ಮೈಸೂರಿಗೆ ಬೇರೆ ಮೇಳ ಯಾಕೆ? ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ಬರುತ್ತಾ ಬರುತ್ತಾ ಮದುವೆ ಮನೆ, ಸಂತೆ, ಮೃಗಾಲಯ. ಎಲ್ಲಕ್ಕಿಂತ ಕೆಳಗೆ ರಾಗಿ ಪೈರಿನ ಪಾರ್ಕು, ಅದರ ಪಕ್ಕ ಮರಳಿನ ರಸ್ತೆ, ರಸ್ತೆ ಮೇಲೆ ಕಾರು. ಹೆಂಗಸರು, ಮಕ್ಕಳು, ಬೀದಿಯವರು ಎಲ್ಲ ಬರುತ್ತಾರೆ, ಕೈಯಲ್ಲಿ ಬೊಂಬೆ ಬಾಗಿನ ಹಿಡಿದು ಹೋಗುತ್ತಾರೆ. ಕಳೆದ ದಸರೆಗೆ ನಾನು ಅಕ್ಕನ ಮನೆಯ ಆ ರಸ್ತೆಯಲ್ಲಿ 1932ರ ಫೋರ್ಡ್ ನಿಲ್ಲಿಸಿದೆ. ಪಕ್ಕದ ಮನೆಯ ಅಜ್ಜಿ ಬಗ್ಗಿ ನೋಡಿದರು.

"ಏನಪ್ಪಾ ಇದು, ಮಡ್‌ಗಾರ್ಡೇ ಇಲ್ಲ? ಮಳೇಲಿ ಕೆಸರೆಲ್ಲ ಮೈಮೇಲೆ ಹಾರಲ್ವಾ?"

"ಅದು ಮಳೆ ಬರದ ಊರಿನ ಕಾರು ಅಜ್ಜಿ."

"ಹಂಗಾದ್ರೆ ಸರಿ" ಅಂದರು. ಆಮೇಲೆ ಎಲ್ಲಿ ತಗೊಂಡೆ ಅಂತ ಕೇಳಿದರು. ನಾನೇ ಮಾಡಿದ್ದು ಅಂದೆ. ಅಲ್ಲಿಗೆ ಮಾತು ನಿಂತಿತು. ಗೊಂಬೆ ಮನೆಯಲ್ಲಿ ಎಲ್ಲಿ ಕೊಂಡಿದ್ದು, ಎಷ್ಟು ಹಳೇದು ಅಂತ ಕೇಳುವುದು ವಾಡಿಕೆ. ಹೇಗೆ ಮಾಡಿದ್ದು ಅಂತ ಯಾರೂ ಕೇಳುವುದಿಲ್ಲ. ಅಕ್ಕ ಬಟ್ಟೆ ಸುತ್ತಿ ಮಾಡಿದ ಪೌರಾಣಿಕ ಗೊಂಬೆಗಳಿಗೂ ಅದೇ ಗತಿ. ಅವುಗಳ ಜಡೆ ಹೆಣೆಯಲು ಅವಳು ಪಟ್ಟ ಪಾಡು ನನಗೆ ಗೊತ್ತಾಗಿದ್ದೇ ಈಚೆಗೆ.

ಬರುವ ದಸರೆಗೆ ಅಕ್ಕನ ಮನೆಯ ವರಾಂಡದಲ್ಲಿ ಒಂದು ಮೇಜು ಹಾಕೋಣ ಅಂತ ಇಬ್ಬರು ಸ್ನೇಹಿತರಿಗೂ ಹೇಳಿದ್ದೇನೆ. ಅಂಬಾಸಿಡರ್ ಬರಲಿ, ತಾಮ್ರದ ತಂತಿಯ ಎಂಜಿನ್ ಬರಲಿ, ಅಕ್ಕನ ಗೊಂಬೆಗಳೂ ಅದೇ ಮೇಜಿನ ಮೇಲೆ ಕೂರಲಿ. ಪ್ರತಿಯೊಂದರ ಪಕ್ಕ ಕನ್ನಡದಲ್ಲಿ ಬರೆದ ಚೀಟಿ ಇರಲಿ. ಮಂಡ್ಯದವನು ಉದ್ಘಾಟನೆಗೆ ಯಾರನ್ನು ಕರೆಯೋಣ ಅಂತ ಆಗಲೇ ಶುರು ಮಾಡಿದ್ದಾನೆ. ಮುಖ್ಯ ಅತಿಥಿ, ಶಾಲು, ಮೈಸೂರು ಪೇಟ, ಸ್ಮರಣಿಕೆ ಎಲ್ಲ ಬಂದರೆ ಮಾತಾಡುವವರು ವೇದಿಕೆ ಮೇಲಿರುತ್ತಾರೆ, ಮಾಡಿದವರು ಕುರ್ಚಿ ಎತ್ತಿಡುತ್ತಿರುತ್ತಾರೆ. ಬೇಡ ಅಂದಿದ್ದೇನೆ. ಒಪ್ಪಿಲ್ಲ ಅವನು. ಒಂದು ಪೇಟವಾದರೂ ಇರಲಿ ಅಂತಿದ್ದಾನೆ.