ಸೊಪ್ಪು ತರಲು ಹೋಗಿ ಕಾವಿ ಉಟ್ಟಿದ್ದು

2020ರ ಯುಗಾದಿ ನೆನಪಿದೆ ಅಲ್ವಾ? ಮಾರ್ಚ್ 25. ಹಿಂದಿನ ರಾತ್ರಿ ಎಂಟಕ್ಕೆ ಟಿವಿಯಲ್ಲಿ 21 ದಿನ ಲಾಕ್‌ಡೌನ್ ಅಂದರು. ಬೆಳಗ್ಗೆ ಬೇವು-ಬೆಲ್ಲ ತಿಂದೆವು. ಆ ವರ್ಷ ಬೆಲ್ಲ ಯಾಕೋ ಕಡಿಮೆ ಬಿದ್ದಿತ್ತು.

ನಾಲ್ಕು ದಿನಕ್ಕೇ ನನಗೆ ಮನೆ ಸಾಕಾಯಿತು. ಮನೆಗೆ ಅದಕ್ಕೂ ಮುಂಚೆಯೇ ನಾನು ಸಾಕಾಗಿದ್ದೆ. ನಮ್ಮದು ಚಿತ್ರದುರ್ಗ. ಮಹಡಿ ಹತ್ತಿ ನಿಂತರೆ ಜೋಗಿಮಟ್ಟಿ ಕಡೆ ಗುಡ್ಡದ ಬುಡದಲ್ಲಿ ಕೆಂಪಗೆ ಏನೋ ಉರಿಯುವ ಹಾಗಿತ್ತು. "ಬೆಂಕಿ ಬಿದ್ದಿದೆ ಕಣೇ!" ಅಂತ ಕೂಗಿದೆ. ನಮ್ಮವಳು ಬಂದು ನೋಡಿ, "ಮುತ್ತುಗ ಹೂ ಬಿಟ್ಟೈತೆ ರೀ. ದುರ್ಗದಾಗೇ ಹುಟ್ಟಿ ಬೆಳೆದೋರು ನೀವು" ಅಂದಳು. ನನಗೆ ಮುತ್ತುಗ ಅಂದರೆ ಊಟದೆಲೆ ಅಷ್ಟೇ. ಅದೂ ಪಾಯಸ ಸೋರಿ ಪಂಚೆಗೆ ಬರುತ್ತದೆ ಅನ್ನುವ ಕಾರಣಕ್ಕೆ ನೆನಪು.

ಹೋಗಿ ನೋಡೋಣ ಅನಿಸಿತು. ಆದರೆ ಹೂ ನೋಡಲು ಯಾರು ಬಿಡುತ್ತಾರೆ? ಬೆಳಗ್ಗೆ ತರಕಾರಿಗೆ ಮಾತ್ರ ಬಿಡುತ್ತಿದ್ದರು. ಕೈಚೀಲ ಹಿಡಿದು, ಮೂಗಿಗೆ ಕರ್ಚೀಫು ಎರಡು ಮಡಿಕೆ ಕಟ್ಟಿ ಹೊರಟೆ.

ತಿರುವಿನಲ್ಲೇ ಪೊಲೀಸಪ್ಪ. "ಯಜಮಾನ್ರೇ, ಮಾರ್ಕೆಟ್ಟು ಆ ಕಡೆ ಐತೆ."

"ಈ ಕಡೆ ತಾಜಾ ಸೊಪ್ಪು ಸಿಗುತ್ತೆ ಸಾರ್."

ಅವರು ಲಾಠಿ ನೋಡಿಕೊಂಡು, "ನಮ್ ಹತ್ರನೂ ತಾಜಾ ಐತೆ, ಬೇಕಾ?" ಅಂದರು. ಆಮೇಲೆ ಏನನಿಸಿತೋ, "ಬೇಗ ಬರ್ಬೇಕು. ಬರುವಾಗ ಚೀಲ ತೋರ್ಸಿ ಹೋಗ್ಬೇಕು" ಅಂತ ಬಿಟ್ಟರು.

ದಾರಿಯುದ್ದಕ್ಕೂ ತಂಗಡಿಯ ಹಳದಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ಲಾಕ್‌ಡೌನ್ ಗೊತ್ತೇ ಇಲ್ಲದ ಹಾಗೆ ಸುಮ್ನೆ ತಿರುಗುತ್ತಿದ್ದವು. ಒಂದು ಕವಳೆ ಪೊದೆ ಮೈತುಂಬ ಬಿಳಿ ಹೂ ಬಿಟ್ಟಿತ್ತು. ಮಲ್ಲಿಗೆ ಥರ ಘಮ ಅಂತ ಕೇಳಿದ್ದೆ. ಬಗ್ಗಿ ಮೂಸಿದೆ. ಏನೂ ಇಲ್ಲ. ಇನ್ನೊಂದು ಸಲ ಮೂಸಿದೆ. ಊಹೂಂ. ವಾಸನೆ ಗೊತ್ತಾಗದಿದ್ದರೆ ಕೊರೊನಾ ಅಂತ ಹಿಂದಿನ ರಾತ್ರಿಯಷ್ಟೇ ವಾಟ್ಸಾಪಿನಲ್ಲಿ ಓದಿದ್ದೆ. ಕೈಕಾಲು ತಣ್ಣಗಾಯಿತು. ಹೆಂಡತಿ, ಮಕ್ಕಳು, ಕಟ್ಟದ ಎಲ್‌ಐಸಿ ಕಂತು ಎಲ್ಲ ಕಣ್ಮುಂದೆ ಬಂತು. ಬೆವರು ಒರೆಸಲು ಕರ್ಚೀಫಿಗೆ ತಡಕಾಡಿದಾಗ ಅದು ಮೂಗಿನ ಮೇಲೇ ಸಿಕ್ಕಿತು. ಬಿಚ್ಚಿ ಮೂಸಿದರೆ, ಅಬ್ಬಾ, ಏನು ಘಮ! ಕವಳೆಯ ಮುಳ್ಳು ಪಂಚೆ ಹಿಡಿದುಕೊಂಡಿದ್ದು ಆಮೇಲೆ ಗೊತ್ತಾಯಿತು.

ಮುತ್ತುಗದ ಹತ್ತಿರ ಮಾತ್ರ ನಾನು ಏನೂ ಎಡವಟ್ಟು ಮಾಡಲಿಲ್ಲ. ಮಾತೇ ಬರಲಿಲ್ಲ. ಮರದಲ್ಲಿ ಒಂದೂ ಎಲೆ ಇಲ್ಲ, ಬರೀ ಹೂವು. ಒಂದೊಂದೂ ಗಿಳಿ ಕೊಕ್ಕಿನ ಹಾಗೆ ಬಾಗಿದ್ದು, ತೊಟ್ಟಿನ ಹತ್ತಿರ ಕಪ್ಪು ಮಖಮಲ್ಲು. ಮೈನಾಗಳು ಮಕರಂದಕ್ಕೆ ಕಿತ್ತಾಡುತ್ತಿದ್ದವು. ಅವುಗಳಿಗೆ ಅಂತರ ಕಾಪಾಡಿ ಅಂತ ಹೇಳುವವರು ಯಾರೂ ಇರಲಿಲ್ಲ. ಐವತ್ತು ವರ್ಷ ಈ ಊರಲ್ಲಿದ್ದು ನಾನು ಪ್ರತಿ ಮಾರ್ಚ್‌ನಲ್ಲಿ ಏನು ಮಾಡುತ್ತಿದ್ದೆ? ಲೆಕ್ಕಪತ್ರ ಮುಗಿಸುತ್ತಿದ್ದೆ.

ಚೀಲ ತೋರಿಸಬೇಕಲ್ಲ! ಕೆಳಗೆ ಉದುರಿದ್ದ ಹೂ ತುಂಬಿಕೊಂಡೆ. ಮೇಲೆ ಹೊಂಗೆಯ ಚಿಗುರು ಹೊದಿಸಿದೆ.

ಪೊಲೀಸಪ್ಪ ಚೀಲಕ್ಕೆ ಇಣುಕಿದರು. "ಹೊಂಗೆ ಸೊಪ್ಪು ತಿಂತೀರಾ? ನಮ್ಮೂರಾಗೆ ಗದ್ದೆಗೆ ಗೊಬ್ಬರಕ್ಕೆ ಹಾಕ್ತೀವಿ." ನಗು ತಡೆಯಲಾರದೆ ಆ ಕಡೆ ತಿರುಗಿ ಲಾಠಿಯಲ್ಲೇ ದಾರಿ ತೋರಿಸಿದರು.

ಮನೆಯಲ್ಲಿ ಆಗ ಹೊಸ ಕಾನೂನು. ಹೊರಗಿಂದ ಬಂದ ಯಾವ ವಸ್ತುವನ್ನೂ ಮುಟ್ಟುವಂತಿಲ್ಲ, ನೇರ ಬಿಸಿನೀರಿಗೆ. ಬಾಗಿಲಲ್ಲೇ ಸೋಡಾ ಹಾಕಿದ ಕುದಿನೀರಿನ ಬಕೆಟ್ಟು. ನಮ್ಮವಳು ಮುಖ ಆ ಕಡೆ ಮಾಡಿ ಚೀಲ ಸುರಿದಳು. ಹಿಂದೆಯೇ ನನ್ನ ಪಂಚೆಯನ್ನೂ ಅದ್ದಿದಳು. ಅದು ಮದುವೆಗೆ ಮಾವ ಕೊಟ್ಟ ಬಿಳಿ ಪಂಚೆ. ಮುತ್ತುಗದಿಂದ ಹೋಳಿ ಬಣ್ಣ ಮಾಡುತ್ತಾರೆ ಅನ್ನುವುದು ನನಗೆ ನೆನಪಾಗುವಷ್ಟರಲ್ಲಿ ಒಂದು ಗಂಟೆ ಆಗಿತ್ತು.

ಮಹಡಿಯಲ್ಲಿ ಒಣಹಾಕಿದಾಗ ಎದುರುಮನೆ ಅಜ್ಜಿ ಕೂಗಿ ಕೇಳಿದರು, "ಏನಪ್ಪಾ, ಯಾವ ಮಠಕ್ಕೆ ಹೊಂಟೆ?" ನಮ್ಮ ಊರಲ್ಲಿ ಮಠಗಳಿಗೇನು ಬರವಿಲ್ಲವಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಹೋಯಿತು: "ಎಲ್ಲಿಗೂ ಇಲ್ಲ ಅಜ್ಜಿ. ಸೊಪ್ಪು ತರ್ತೀನಿ ಅಂತ ಹೋಗಿದ್ರು. ಇವತ್ತು ಸಾರಿಲ್ಲ, ಬರೀ ಮುದ್ದೆ."